ಇಂಗ್ಲಿಷ್ ಮಾತಾಡಲು ಸಂಕೋಚವೇಕೆ?

ಡಾ. ಲೋಹಿಯಾರವರು 1950ರ ದಶಕದ ಕೊನೆಯಲ್ಲಿ ಎತ್ತಿಕೊಂಡ ಅಂಗ್ರೇಜಿ ಹಟಾವೋ ಚಳವಳಿಯನ್ನು ಇಂದಿಗೂ ಒಪ್ಪುವ ನಾವು, ದುಡಿಯುವ ತರುಣರು ಇಂಗ್ಲಿಷ್ ಮಾತನ್ನು ರೂಢಿಸಿಕೊಳ್ಳಬೇಕೆಂದು ಬರೆದರೆ ಕೆಲವು ಸಂಗಾತಿಗಳು ಹುಬ್ಬೇರಿಸಿಯಾರು. ಏರಿಸಲಿ. ಆ ಚಳವಳಿ ವಿರೋಧಿಸಿದ್ದು ಆಡಳಿತ, ನ್ಯಾಯಾಲಯ, ಶಿಕ್ಷಣಗಳಲ್ಲಿ ಇಂಗ್ಲಿಷಿನ ಪಾಳೇಗಾರಿಕೆಯನ್ನೇ ಹೊರತು ಭಾಷೆಯೊಂದರ ಕಲಿಕೆಯನ್ನಲ್ಲ. ಸ್ವತಃ ಲೋಹಿಯಾ ಬರ್ಲಿನ್ನಿಗೆ ಓದಲು ಹೋದಾಗ ಜರ್ಮನ್ ಕಲಿತವರು.

ಸಂವಿಧಾನದ 348ನೆಯ ವಿಧಿಯ ಬಲದಿಂದ ಹೈಕೋರ್ಟಿನ ಕಲಾಪದ ಭಾಷೆ ಇಂದಿಗೂ ಇಂಗ್ಲಿಷೇ. ತನ್ನ ಜಮೀನಿನ ಮೇಲೆ ನಡೆಯುವ ವಾದ ರೈತನಿಗೇ ತಿಳಿಯದು. ಈ ಅನ್ಯಾಯದ ವಿರುದ್ಧ ನಮ್ಮ ಹೋರಾಟ ನಿಲ್ಲದು. ಆದರೆ ಹೋರಾಟ ಗೆಲ್ಲುವತನಕ, ಬೆಂಗಳೂರಿಗೆ ಕೆಲಸಕ್ಕೆ ಹೋದ ಆ ರೈತನ ಮಗ ಬಾಯಿ ಹೊಲಿದುಕೊಂಡು ಕೂತಿರಬೇಕೇ?

ನಮ್ಮ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ಪಾಠ. ಹತ್ತು ವರ್ಷ ಅದನ್ನು ಓದಿದ ಹುಡುಗ 'ನಾಳೆ ರಜೆ ಬೇಕು' ಎಂದು ಆ ಭಾಷೆಯಲ್ಲಿ ಕೇಳಲು ತೊದಲುತ್ತಾನೆ. ಕಾರಣ ಪಾಠ ಹೇಳಿದ ಯಾರಿಗೂ ಗೊತ್ತು. ತರಗತಿಯಲ್ಲಿ ಮಾತಾಡುವವರು ಮೇಷ್ಟ್ರೊಬ್ಬರೇ. ಮಕ್ಕಳ ಪಾಲಿಗೆ ಪ್ರಶ್ನೋತ್ತರ ಉರು ಹೊಡೆಯುವುದು. ಪರೀಕ್ಷೆ ಲೇಖನಿಗೆ, ನಾಲಗೆಗಲ್ಲ.

ಕನ್ನಡದಲ್ಲಿ 'ಬಂದೆ' ಎಂಬುದನ್ನು ಕೊಂಚ ಎಳೆದು 'ಬಂದೆಯಾ' ಎಂದರೆ ಪ್ರಶ್ನೆಯಾಯಿತು. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಬೇಕಾದರೆ 'ಡಿಡ್' ಮುಂದೆ ಬಂದು ನಿಂತು, 'ಕೇಮ್' ಹೋಗಿ 'ಕಮ್' ಆಗಬೇಕು. ನಿಯಮ ಬಾಯಿಪಾಠವಿದ್ದವನಿಗೂ ಮಾತಿನ ಭರದಲ್ಲಿ ಅದು ಒದಗುವುದಿಲ್ಲ. ನೂರು ಸಲ ಆಡಿದವನಿಗೆ ನಿಯಮ ನೆನೆಯುವ ಅಗತ್ಯವೇ ಬೀಳುವುದಿಲ್ಲ. ಉಚ್ಚಾರದ ಮಾತೂ ಹೀಗೆಯೇ. ಬರೆದಂತೆ ಓದುವ ಅಭ್ಯಾಸದ ನಾವು 'ವೆಡ್ನೆಸ್‌ಡೇ' ಎನ್ನುತ್ತೇವೆ. ಅವರ ಬಾಯಲ್ಲಿ ಅದು 'ವೆನ್ಸ್‌ಡೇ'. 'ಫೋಟೋಗ್ರಾಫ್' ಎಂಬಲ್ಲಿ ಒತ್ತು ಮೊದಲಿಗೆ, 'ಫೊಟಾಗ್ರಫಿ' ಎಂಬಲ್ಲಿ ಎರಡನೆಯದಕ್ಕೆ. ಇದನ್ನು ಕಿವಿ ಹಿಡಿಯಬೇಕೇ ಹೊರತು ಕಣ್ಣಲ್ಲ. ಹಾಗೆಂದು ಲಂಡನ್ನಿನ ದೊರೆಗಳ ಧಾಟಿ ನಮಗೆ ಬೇಕಿಲ್ಲ. ಎದುರಿನವನಿಗೆ ತಿಳಿದರೆ ಸಾಕು.

ಫ್ರೆಂಚರು, ರಷ್ಯನ್ನರು ಒಡಕು ಇಂಗ್ಲಿಷ್ ಆಡಿದರೆ ತಲೆದೂಗುವ ನಮ್ಮ ದೊಡ್ಡಮನುಷ್ಯರು, ಹಳ್ಳಿಯ ಹುಡುಗಿ ಒಂದು ಪದ ತಪ್ಪಿದರೆ ನಗುತ್ತಾರೆ. ಈ ನಗೆಯ ಭಯವನ್ನೇ ಬಂಡವಾಳ ಮಾಡಿಕೊಂಡು 'ಮೂವತ್ತು ದಿನಗಳಲ್ಲಿ ಇಂಗ್ಲಿಷ್' ಎಂದು ಬೋರ್ಡು ತೂಗಿಹಾಕಿದವರು ಕೂಲಿಯವರಿಂದಲೂ ಸಾವಿರಗಟ್ಟಲೆ ಸುಲಿಯುತ್ತಾರೆ. ಮೂವತ್ತು ದಿನಗಳಲ್ಲಿ ಸೈಕಲ್ ಸವಾರಿ ಬಂದೀತು, ಭಾಷೆ ಬಾರದು.

ನಮ್ಮ ಸೂಚನೆ ಇಷ್ಟೆ. ಪ್ರತಿ ತಾಲ್ಲೂಕಿನಲ್ಲೂ ಪಕ್ಷದ ಕಚೇರಿಯ ಬಾಗಿಲು ದಿನವೂ ಸಂಜೆ ಅರ್ಧ ಗಂಟೆ ಇದಕ್ಕಾಗಿ ತೆರೆದಿರಲಿ. ನಾಲ್ಕೈದು ಜನರಿದ್ದರೆ ಸಾಕು, ಗುರು ಬೇಡ, ವ್ಯಾಕರಣದ ಪುಸ್ತಕವೂ ಬೇಡ. ಒಂದು ದಿನ ಬಸ್ ನಿಲ್ದಾಣದ ಮಾತು, ಮಾರನೆಯ ದಿನ ಬ್ಯಾಂಕಿನದು, ಇನ್ನೊಂದು ದಿನ ಬಾಕಿ ಸಂಬಳ ಕೇಳುವ ಮಾತು. ಈ ಕೊನೆಯದನ್ನು ಎರಡು ದಿನ ನಡೆಸಿದರೂ ಅಡ್ಡಿಯಿಲ್ಲ! ಆಕಾಶವಾಣಿಯ ಇಂಗ್ಲಿಷ್ ವಾರ್ತೆಯನ್ನು ಕೇಳಿ ವಾಕ್ಯದ ಹಿಂದೆ ವಾಕ್ಯ ಹೇಳಿನೋಡಲಿ. ಜೇಬಿನ ಮೊಬೈಲಿನಲ್ಲಿ ತಮ್ಮ ದನಿಯನ್ನೇ ಹಿಡಿದು ಕೇಳಲಿ. ಹೊತ್ತನ್ನು ಹೆಣ್ಣುಮಕ್ಕಳಿಗೂ ಅನುಕೂಲವಾಗುವಂತೆ ಗೊತ್ತುಮಾಡಬೇಕು. ತಪ್ಪನ್ನು ಮಾತು ಮುಗಿದ ಮೇಲೆ ತಿದ್ದಬೇಕು, ನಡುವೆ ಬಾಯಿ ಹಾಕಬಾರದು. ನಕ್ಕವರು ಅಂದಿನ ಚಹದ ಖರ್ಚು ಕೊಡತಕ್ಕದ್ದು.