ರಂಗಕ್ಕೆ ಬೇಕು, ಓಣಿಗೆ ಬೇಡ

ಭಾನುವಾರದ ಪುರವಣಿಗಳಲ್ಲಿ ಸಿನಿಮಾ ನಟರ ಸಂದರ್ಶನಗಳನ್ನು ನಾವೆಲ್ಲ ಓದುತ್ತೇವೆ. ಹಗಲು ರಾತ್ರಿಯೆನ್ನದ ಶೂಟಿಂಗ್, ಪಕ್ಕದ ಮನೆಯವರ ಹೆಸರೂ ಗೊತ್ತಿರದ ಬೆಂಗಳೂರಿನ ಬದುಕು, ಜನರ ನಡುವೆಯೂ ಕಾಡುವ ಒಂಟಿತನ ಇವನ್ನೆಲ್ಲ ಅವರು ಹೇಳಿಕೊಂಡಾಗ, 'ಪಾಪ, ದುಡ್ಡಿದ್ದರೇನು ಬಂತು' ಎಂದು ಮರುಗುತ್ತೇವೆ. ಜೊತೆಗೆ, 'ಸದ್ಯ, ನಮ್ಮೂರು ಹಾಗಲ್ಲ' ಎಂದು ಸಮಾಧಾನವನ್ನೂ ಪಟ್ಟುಕೊಳ್ಳುತ್ತೇವೆ. ಆ ಸಮಾಧಾನದ ಬಗ್ಗೆಯೇ ನನ್ನ ತಕರಾರು. ನಮ್ಮೂರು ಹೇಗೆಂದು ತಿಳಿಯಬೇಕಾದರೆ ಬೆಂಗಳೂರಿನ ನಟನನ್ನಲ್ಲ, ನಮ್ಮ ಜಾತ್ರೆಗೆ ಪಾತ್ರ ಮಾಡಲು ಬರುವ ಹೆಣ್ಣುಮಗಳನ್ನು ಕೇಳಬೇಕು.

ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಜಾತ್ರೆ ಬಂತೆಂದರೆ ಊರ ಹುಡುಗರು ಸಾಮಾಜಿಕ ನಾಟಕ ಆಡುತ್ತಾರೆ. ಹೆಣ್ಣು ಪಾತ್ರಕ್ಕೆ ಊರ ಹೆಣ್ಣುಮಕ್ಕಳು ಬೇಡ. ಗದಗ, ಬಳ್ಳಾರಿ, ಇಳಕಲ್ಲ ಕಡೆಯಿಂದ ಒಂದು ರಾತ್ರಿಯ ಸಂಭಾವನೆ ಕೊಟ್ಟು ನಟಿಯರನ್ನು ಕರೆಸುತ್ತಾರೆ. ಆಕೆ ಬಸ್ಸಿಳಿದು ಬಂದು, ಅದುವರೆಗೆ ಮುಖ ನೋಡದ ಹುಡುಗನಿಗೆ ಹೆಂಡತಿಯಾಗಿ, ತಂಗಿಯಾಗಿ, ಅವನು ಮಾತು ಮರೆತಲ್ಲಿ ತಾನೇ ಎತ್ತಿಕೊಟ್ಟು, ಹಾಡಿ, ಕುಣಿದು, ಬೆಳಗಿನ ಜಾವದವರೆಗೆ ನಾಟಕವನ್ನು ದಡ ಮುಟ್ಟಿಸುತ್ತಾಳೆ. ನಡುನಡುವೆ ಮೈಕಿನಲ್ಲಿ ತಮ್ಮ ಹೆಸರು ಕೂಗಿಸಿ ಆಯೇರಿ ಮಾಡುವವರಿಗೆ ನಗುತ್ತಲೇ ಕೈ ಮುಗಿಯಬೇಕು. ಬೆಳಗಾದ ಮೇಲೆ ಅದೇ ಜನಕ್ಕೆ ಆಕೆ ಬರೀ 'ನಾಟಕದಾಕಿ'. ಈ ಮಾತು ಆಡುವುದರಲ್ಲಿ ಗಂಡಸರಿಗಿಂತ ನಾವು ಹೆಂಗಸರೇನೂ ಹಿಂದೆ ಬಿದ್ದಿಲ್ಲ.

ಗಂಗಾವತಿಯಲ್ಲಿ ನಾನಿದ್ದ ಓಣಿಯಲ್ಲೇ ಕಂಪನಿ ನಟಿಯೊಬ್ಬರು ಬಾಡಿಗೆ ಮನೆ ಕೇಳಿಕೊಂಡು ಬಂದಿದ್ದರು. ನಾಲ್ಕು ಮನೆ ಖಾಲಿ ಇದ್ದವು. ನಾಲ್ಕೂ ಕಡೆ ಊರು, ಕುಲ, ಗಂಡ, ಮಕ್ಕಳು ಎಲ್ಲವನ್ನೂ ವಿಚಾರಿಸಿ, ಕೊನೆಗೆ ಕಸುಬು ಕೇಳಿದ ಮೇಲೆ ಬಾಗಿಲು ಹಾಕಿದರು. ಹಾಕಿದವರೆಲ್ಲ ಹೆಂಗಸರೇ. ಬೆಂಗಳೂರಿನ ನೆರೆಯವರು ಏನೂ ಕೇಳುವುದಿಲ್ಲವೆಂಬುದು ಆ ಊರಿನ ದೋಷವಾದರೆ, ಎಲ್ಲವನ್ನೂ ಕೇಳಿಕೊಂಡು ಬಾಗಿಲು ಹಾಕುವ ನಮ್ಮ ಊರಿನದು ಯಾವ ಗುಣ?

ನಮ್ಮ ಶಾಲೆಗೆ ಮಗಳನ್ನು ಸೇರಿಸಲು ಬಂದ ತಾಯಿಯೊಬ್ಬಳಿಗೆ, ಅರ್ಜಿ ತುಂಬುತ್ತ 'ಏನು ಕೆಲಸ ಮಾಡ್ತೀಯವ್ವಾ' ಎಂದು ಕೇಳಿದೆ. ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದಳು: 'ಅಕ್ಕೋರ, ಕೂಲಿ ಅಂತ ಬರ್ಕೊಳ್ರಿ. ನಾಟಕ ಅಂತ ಬರದ್ರ ಹುಡುಗಿ ನಾಳಿಂದ ಸಾಲಿಗೆ ಬರಂಗಿಲ್ರಿ.' ಹತ್ತಾರು ನಾಟಕಗಳನ್ನು ಬಾಯಿಪಾಠ ಮಾಡಿದ ಹೆಂಗಸು ಆಕೆ. ನಾನೂ ದಿನಕ್ಕೆ ಐದು ಪಿರಿಯಡ್ ನಿಂತು ಮಾತಾಡಿಯೇ ಉಣ್ಣುವವಳು. ಗಂಟಲು ಕಟ್ಟಿದರೆ ನನಗೆ ರಜೆ ಇದೆ, ಬಾಣಂತನಕ್ಕೆ ಸಂಬಳ ಇತ್ತು. ಆಕೆಗೆ ಗಂಟಲು ಕಟ್ಟಿದರೆ ಆ ದಿನದ ಅನ್ನವೇ ಇಲ್ಲ. ಹೆಚ್ಚು ಕಷ್ಟದ ಕೆಲಸ ಆಕೆಯದು, ಹೆಚ್ಚು ಮರ್ಯಾದೆ ನನ್ನದು. ಇದು ಯಾವ ನ್ಯಾಯ?

'ಈಗಿನ ನಾಟಕಗಳೇ ಹೊಲಸು, ಮನೆಮಂದಿ ಕೂತು ನೋಡುವ ಹಾಗಿಲ್ಲ' ಎಂದು ಕೆಲವರು ವಾದಿಸುತ್ತಾರೆ. ಹೊಲಸು ಇದ್ದೀತು. ಆದರೆ ಆ ಸಂಭಾಷಣೆ ಬರೆದವನು ಕವಿ, ಅದಕ್ಕೆ ಸಿಳ್ಳೆ ಹೊಡೆದವರು ಮುಂದಿನ ಸಾಲಿನ ಗಂಡಸರು. ಬೈಗುಳ ಮಾತ್ರ ಅದನ್ನು ಒಪ್ಪಿಸುವ ಹೆಣ್ಣಿಗೆ! ಬಳ್ಳಾರಿಯ ಸುಭದ್ರಮ್ಮ ಮನ್ಸೂರು ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ'ಯಲ್ಲಿ ದ್ರೌಪದಿಯಾಗಿ ನಿಂತರೆ ಸಿಳ್ಳೆಗೆ ಜಾಗ ಎಲ್ಲಿತ್ತು? 2020ರಲ್ಲಿ ತೀರಿಕೊಂಡ ಆ ತಾಯಿ ಹಾಡಿ ಬೆಳೆದದ್ದೂ ಇದೇ ಕಂಪನಿ ನಾಟಕಗಳಲ್ಲಿ. ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಗಂಡು ಪಾತ್ರಗಳನ್ನೂ ಹೆಂಗಸರೇ ಆಡಿ ತೋರಿಸಿದರು. ದೋಷ ರಂಗದ್ದಲ್ಲ, ಮುಂದೆ ಕೂತವರದು. ನಾವು ಮನೆಯಲ್ಲಿ ಧಾರಾವಾಹಿ ನೋಡುತ್ತ ಕೂತು, ನಾಟಕದ ಮುಂದಿನ ಸಾಲನ್ನು ಕುಡಿದು ಬಂದವರಿಗೆ ಬಿಟ್ಟುಕೊಟ್ಟೆವಲ್ಲ, ಅದರ ಲೆಕ್ಕ ಯಾರು ಕೊಡಬೇಕು?

ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರು ತೊಂಬತ್ತು ದಾಟಿದ ಮುದುಕಿ. ತೊಗಲುಗೊಂಬೆಗಳಲ್ಲಿ ರಾಮಾಯಣ, ಮಹಾಭಾರತ ಆಡಿಸುತ್ತಲೇ ಒಂದು ಆಯುಷ್ಯ ಸವೆಸಿದವರು. ನಮ್ಮ ಜಿಲ್ಲೆಯವರೆಂದು ನಾವೆಲ್ಲ ಹೆಮ್ಮೆಪಟ್ಟೆವು. ಪಡಬೇಕಾದದ್ದೇ. ಆದರೆ ದಿಲ್ಲಿಯವರು ಕರೆದು ಗೌರವಿಸುವವರೆಗೂ ಕಲಾವಿದೆಯನ್ನು ನಮ್ಮವಳೆನ್ನಲು ನಾವು ಕಾಯುವುದೇಕೆ? ಎಲ್ಲರಿಗೂ ಪದ್ಮಶ್ರೀ ಬರುವುದಿಲ್ಲ, ತೊಂಬತ್ತು ವರ್ಷದ ಆಯುಷ್ಯವೂ ಇರುವುದಿಲ್ಲ.

ಅಕ್ಕತಂಗಿಯರೇ, ದೊಡ್ಡ ಕ್ರಾಂತಿಯನ್ನೇನೂ ನಾನು ಕೇಳುತ್ತಿಲ್ಲ. ಮುಂದಿನ ಜಾತ್ರೆಗೆ ನಟಿ ಬಂದಾಗ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆಯನ್ನು ನಿಮ್ಮ ಮಹಿಳಾ ಮಂಡಳವೇ ಕೊಡಿಸಲಿ. ಬಿಸಿ ರೊಟ್ಟಿ ಹಾಕಿ. ಮಾತಾಡಿದ ಸಂಭಾವನೆ ಬಣ್ಣ ಹಚ್ಚುವ ಮೊದಲೇ ಆಕೆಯ ಕೈ ಸೇರಲಿ. ಇಂಥ ಊರಲ್ಲಿ ಇಂಥ ನಾಟಕದಲ್ಲಿ ಪಾತ್ರ ಮಾಡಿದರೆಂದು ನಾಟಕದ ಕಮಿಟಿಯವರಿಂದ ಒಂದು ಕಾಗದ ಬರೆಸಿಕೊಡಿ. ವಯಸ್ಸಾದ ಮೇಲೆ ಸರ್ಕಾರದ ಮಾಸಾಶನಕ್ಕೆ ಅರ್ಜಿ ಹಾಕುವಾಗ ಕಲಾಸೇವೆಯ ದಾಖಲೆ ಕೇಳುತ್ತಾರೆ. ನಾಟಕದ ಮುಂದಿನ ಸಾಲಿನಲ್ಲಿ ನೀವು ಕೂತುಕೊಳ್ಳಿ. ಆಕೆ ನಿಮ್ಮ ಓಣಿಗೆ ಮನೆ ಕೇಳಿಕೊಂಡು ಬಂದರೆ, ಉಳಿದ ಬಾಡಿಗೆದಾರರಿಗೆ ಹೇಳುವಷ್ಟೇ ಬಾಡಿಗೆ ಹೇಳಿ ಬೀಗದಕೈ ಕೊಡಿ.