ದನದ ಗೊರಸು ನೋಡ್ತೀವಿ, ನಮ್ಮ ಕಾಲು ನೋಡಲ್ಲ

ಮಳೆ ಹಿಡಿದ ಮೇಲೆ ತೋಟದಲ್ಲಿ ಕುಂಟುತ್ತಾ ಓಡಾಡೋರು ಜಾಸ್ತಿ ಆಗಿದ್ದಾರೆ. ಕೇಳಿದ್ರೆ "ಏನಿಲ್ಲ, ಹೆಬ್ಬೆರಳು ಸ್ವಲ್ಪ ನೋವು" ಅಂತಾರೆ. ಗಂಬೂಟು ತೆಗೆಸಿ ನೋಡಿದ್ರೆ ಉಗುರಿನ ಮೂಲೆ ಮಾಂಸದೊಳಗೆ ಇಳಿದಿರುತ್ತೆ, ಪಕ್ಕದ ಚರ್ಮ ಕೆಂಪಗೆ ಊದಿರುತ್ತೆ.

ಹೋದ ವರ್ಷ ನನ್ನದೂ ಇದೇ ಕಥೆ. ಅಡಿಕೆಗೆ ಕೊಳೆ ಔಷಧಿ ಹೊಡೆಸೋ ಗಡಿಬಿಡಿಯಲ್ಲಿ ಬ್ಲೇಡು ತಗೊಂಡು ಮೂಲೆ ಕೆತ್ತಿ ಬಿಸಾಕಿದೆ. ನಾಲ್ಕು ದಿನ ಆರಾಮ. ಆಮೇಲೆ ನೋವು ದುಪ್ಪಟ್ಟು. ಮೂಲೆ ಆಳಕ್ಕೆ ಕತ್ತರಿಸಿದ್ರೆ ಒಳಗೆ ಚೂಪು ಚೂರು ಉಳಿಯುತ್ತೆ, ಅದು ಬೆಳೀತಾ ಮುಂದಿನ ಮಾಂಸಕ್ಕೇ ಚುಚ್ಚುತ್ತೆ. ಒದ್ದೆ ಚರ್ಮ, ಬಿಗಿ ಬೂಟು ಸೇರಿದ್ರೆ ಕೇಳೋದೇ ಬೇಡ. ಉಗುರುಸುತ್ತಿಗೆ ಸಿಕ್ಕಿಸೋ ಹಾಗೆ ನಿಂಬೆಹಣ್ಣು ಸಿಕ್ಕಿಸಿದ್ರೆ ಚುಚ್ಚೋ ಉಗುರೇನೂ ಹೊರಗೆ ಬರಲ್ಲ.

ಶುರುವಿನಲ್ಲೇ ಆದ್ರೆ ಮನೆಯಲ್ಲೇ ಸರಿ ಹೋಗುತ್ತೆ. ದಿನಕ್ಕೆ ಮೂರು ಸಲ, 15 ನಿಮಿಷ ಬೆಚ್ಚಗಿನ ನೀರಲ್ಲಿ ಕಾಲಿಡಿ. ಚೆನ್ನಾಗಿ ಒರೆಸಿ. ಉಗುರು ಮೆತ್ತಗಾದಾಗ ಶುದ್ಧ ಹತ್ತಿಯ ಸಣ್ಣ ಎಳೆಯನ್ನ ಹೊಸೆದು ಮೂಲೆಯ ಕೆಳಗೆ ನಿಧಾನಕ್ಕೆ ಸೇರಿಸಿ, ದಿನಾ ಬದಲಾಯಿಸಿ. ಊದಿದ ಚರ್ಮಕ್ಕೆ ಗಾಯದ ಟೇಪಿನ ತುದಿ ಅಂಟಿಸಿ, ಉಗುರಿನಿಂದ ಆಚೆಗೆ ಎಳೆದು ಬೆರಳಿನ ಅಡಿಗೆ ಓರೆಯಾಗಿ ಸುತ್ತಿ. ಬಿಗಿಯಾಗಿ ಕಟ್ಟಬೇಡಿ, ರಕ್ತ ಓಡಾಡಬೇಕು. ತಾಳ್ಮೆ ಬೇಕು ಮಾರಾಯ್ರೆ, ಕಾಲಿನ ಉಗುರು ತಿಂಗಳಿಗೆ ಬೆಳೆಯೋದೇ ಒಂದೂವರೆ ಮಿಲಿಮೀಟರ್ ಆಸುಪಾಸು. ಇನ್ಮುಂದೆ ಉಗುರನ್ನ ನೇರಕ್ಕೆ ಕತ್ತರಿಸಿ, ಮೂಲೆ ದುಂಡಗೆ ಮಾಡಬೇಡಿ.

ಆದ್ರೆ ಸಕ್ಕರೆ ಕಾಯಿಲೆ ಇರೋರು, ಕಾಲಿಗೆ ಸ್ಪರ್ಶ ಕಡಿಮೆ ಇರೋರು ಇದ್ಯಾವುದನ್ನೂ ಮಾಡ್ಬೇಡಿ, ನೇರ ಡಾಕ್ಟರ ಹತ್ರ ಹೋಗಿ. ಕೀವು, ಜ್ವರ, ಕೆಂಪು ಮೇಲಕ್ಕೆ ಹಬ್ಬೋದು ಕಂಡ್ರೆ ಯಾರಾದ್ರೂ ಸರಿ, ಕಾಯಬಾರದು. ಗಾಯಕ್ಕೆ ಕೆಸರು, ಸಗಣಿ ತಾಗಿದ್ರೆ ಟಿಟಿ ಇಂಜೆಕ್ಷನ್ ಬಗ್ಗೆಯೂ ಕೇಳಿ. ಸಣ್ಣ ಬೆರಳಿನ ಗಾಯ ಸಕ್ಕರೆ ಇರೋರಿಗೆ ಕಾಲನ್ನೇ ತೆಗೆಸೋ ಮಟ್ಟಕ್ಕೆ ಹೋಗಬಹುದು.

ಇನ್ನೊಂದು ಮಾತು, ಕೆಲವರಿಗೆ ಕಹಿ ಅನ್ನಿಸಬಹುದು. ಕೆಲಸದವರಿಗೆ ನಾವು ಕೊಡೋದು ಯಾರೋ ಹಾಕಿ ಬಿಟ್ಟ ಬೂಟು. ಏಳನೇ ನಂಬರಿನ ಬೂಟಿಗೆ ಒಂಬತ್ತರ ಕಾಲು ತೂರಿಸಿ ದಿನವಿಡೀ ಕೆಸರಲ್ಲಿ ನಿಲ್ಲಿಸಿದ್ರೆ ಉಗುರು ಇನ್ನೆಲ್ಲಿಗೆ ಬೆಳೀಬೇಕು? ಹಸು ಕುಂಟಿದ್ರೆ ಅವತ್ತೇ ಗೊರಸು ಎತ್ತಿ ನೋಡ್ತೀವಿ. ಆಳು ಕುಂಟಿದ್ರೆ "ನಾಟಕ" ಅಂತೀವಿ. ಅಳತೆ ಕೇಳಿ ಬೂಟು ತರೋದು, ಮಧ್ಯಾಹ್ನ ಬಿಚ್ಚಿ ಕಾಲು ಒಣಗಿಸೋಕೆ ಬಿಡೋದು ಉಪಕಾರ ಅಲ್ಲ, ನಮ್ಮ ಜವಾಬ್ದಾರಿ.

ಇವತ್ತು ರಾತ್ರಿ ಮಲಗೋ ಮುಂಚೆ ದೀಪದ ಬೆಳಕಲ್ಲಿ ನಿಮ್ಮ ಹೆಬ್ಬೆರಳು ಒಂದ್ಸಲ ನೋಡ್ಕೊಳ್ಳಿ. ಮನೇಲಿ ಸಕ್ಕರೆ ಇರೋ ಹಿರಿಯರು ಇದ್ರೆ ಅವರದ್ದೂ.