ಮಣ್ಣಿನ ಹೆಸರುಳ್ಳ ಬಣ್ಣ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಹಳ್ಳಿಗಳಲ್ಲಿ ಖಾಕಿ ಅಂಗಿ ಕಂಡೊಡನೆ ಜಗಲಿಯ ಮಾತು ನಿಂತುಹೋಗುವುದುಂಟು. ತಪ್ಪು ಮಾಡದವನೂ ಎದ್ದು ನಿಲ್ಲುತ್ತಾನೆ. ಬಣ್ಣವೊಂದಕ್ಕೆ ಇಷ್ಟು ಭಯ ಅಂಟಿಕೊಂಡದ್ದು ಹೇಗೆ?

ಹೆಸರನ್ನು ವಿಚಾರಿಸಿದರೆ ಆಶ್ಚರ್ಯವಾಗುತ್ತದೆ. ಪಾರಸಿಯಲ್ಲಿ 'ಖಾಕ್' ಎಂದರೆ ಮಣ್ಣು, ಧೂಳು; 'ಖಾಕಿ' ಎಂದರೆ ಮಣ್ಣಿನ ಬಣ್ಣದ್ದು. 1687ರಿಂದ ಮೊಗಲರ ಸುಬೆಯ ಕೇಂದ್ರವಾಗಿದ್ದ ಶಿರಾ ಸೀಮೆಗೆ ಪಾರಸಿ ಹೊಸತಲ್ಲ. ಆದರೆ ಉಡುಪಿನ ಹೆಸರಾಗಿ ಈ ಶಬ್ದ ಬಂದದ್ದು ದರ್ಬಾರಿನಿಂದಲ್ಲ, ದಂಡಿನಿಂದ. 1846ರಲ್ಲಿ ಹ್ಯಾರಿ ಲಮ್ಸ್‌ಡೆನ್ ಪೇಶಾವರದಲ್ಲಿ ಕಟ್ಟಿದ ಗೈಡ್ಸ್ ಪಡೆ ಇದನ್ನು ಮೊದಲಿಗೆ ತೊಟ್ಟಿತು. ಕೆಂಪು ಕೋಟಿನ ಸಿಪಾಯಿ ದೂರದಿಂದಲೇ ಗುಂಡಿಗೆ ಗುರಿಯಾಗುತ್ತಿದ್ದನು. ಧೂಳಿನ ಬಣ್ಣದವನು ಧೂಳಿನಲ್ಲಿ ಮರೆಯಾಗಿ ಬದುಕಿಕೊಳ್ಳುತ್ತಿದ್ದನು. ಈ ಕಥೆಯಲ್ಲಿ ಕನ್ನಡನಾಡಿಗೂ ಪಾಲಿದೆ. 1850ರ ದಶಕದ ಆರಂಭದಲ್ಲಿ ಖಾಕಿ ಬಣ್ಣವನ್ನು ಸಿದ್ಧಪಡಿಸಿದವನೆಂಬ ಕೀರ್ತಿಯನ್ನು ಮಂಗಳೂರಿನವರು ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯ ಜಾನ್ ಹಾಲರನಿಗೆ ಸಲ್ಲಿಸುತ್ತಾರೆ.

ಹೀಗೆ ದಂಡಿನ ಖಾಕಿಯ ಉದ್ದೇಶ ಕಣ್ಣಿಗೆ ಬೀಳದಿರುವುದು. ಪೊಲೀಸನಾದರೋ ಕಣ್ಣಿಗೆ ಬೀಳಬೇಕಾದವನು. ಸಂತೆಯ ಸಂದಣಿಯಲ್ಲಿ ಕಷ್ಟಕ್ಕೆ ಸಿಕ್ಕಿದವನು ಅವನನ್ನು ದೂರದಿಂದಲೇ ಗುರುತಿಸಬೇಕು. 1829ರಲ್ಲಿ ಲಂಡನ್ನಿನಲ್ಲಿ ಪೊಲೀಸ್ ಪಡೆ ಕಟ್ಟಿದಾಗ, ಜನ ಇವರನ್ನು ಸೈನಿಕರೆಂದು ಭಾವಿಸದಿರಲೆಂದೇ ನೀಲಿ ಉಡುಪನ್ನು ಕೊಟ್ಟರು. ಆ ಸೂಕ್ಷ್ಮವನ್ನು ಆಂಗ್ಲರು ಇಲ್ಲಿ ಉಳಿಸಿಕೊಳ್ಳಲಿಲ್ಲ. ಕ್ರಮೇಣ ದೇಶದ ಬಹುಭಾಗದಲ್ಲಿ ದಂಡಿನ ಬಣ್ಣವೇ ಠಾಣೆಗೂ ಬಂದಿತು. ಅದರೊಡನೆ ದಂಡಿನ ಭಯವೂ ಬಂದಿತು.

2025ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಕಾನ್‌ಸ್ಟೇಬಲ್ಲುಗಳ ಅಗಲ ಅಂಚಿನ ಹ್ಯಾಟಿಗೆ ಬದಲಾಗಿ ಕಡುನೀಲಿ ಟೋಪಿಯನ್ನು ಕೊಡಲಾಯಿತು. ಸಂತೋಷವೇ. ಅಂಗಿಯ ಬಣ್ಣವನ್ನೂ ಬದಲಿಸಬೇಕೆನ್ನುವವರು ಇದ್ದಾರು. ಅದರಿಂದಲೇ ಭಯ ಹೋದೀತೆಂದು ನಾನು ಎಣಿಸೆನು. ಖಾಕಿ ಇರಲಿ, ಆದರೆ ಅದರ ಅರ್ಥ ತೊಟ್ಟವನಿಗೂ ನೋಡುವವನಿಗೂ ನೆನಪಿರಲಿ.

ನೋಡುವವರಾದ ನಾವು 2005ರ ಫೆಬ್ರವರಿಯನ್ನು ನೆನೆಯಬೇಕು. ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ನಕ್ಸಲರ ದಾಳಿಗೆ ಸಿಕ್ಕಿ ಮಡಿದ ಮೀಸಲು ಪಡೆಯವರೂ ಖಾಕಿಯವರೇ. ಅಂಗಿಯೊಳಗಿರುವುದು ನಮ್ಮಂತೆಯೇ ಮಣ್ಣಿಗೆ ಸೇರುವ ಜೀವ.

ತೊಟ್ಟವನು ನೆನೆಯಬೇಕಾದದ್ದೂ ಒಂದಿದೆ. ಕಡಲೆಕಾಯಿ ಹೊಲದಿಂದ ನೇರವಾಗಿ ಬಂದು, ದೂರು ಹೇಳಲು ಠಾಣೆಯ ಬಾಗಿಲಲ್ಲಿ ಹಿಂಜರಿಯುತ್ತ ನಿಂತ ರೈತನ ಪಾದದ ಧೂಳಿಗೂ ಪಾರಸಿಯಲ್ಲಿ ಖಾಕ್ ಎಂದೇ ಹೆಸರು. ಆ ಪಾದವನ್ನು ನೋಡಿ 'ಒಳಗೆ ಬನ್ನಿ, ಕುಳಿತುಕೊಳ್ಳಿ' ಎನ್ನುವ ಪೊಲೀಸನಿಗೆ ಈ ಬಣ್ಣ ಒಪ್ಪುತ್ತದೆ.